ದಾವಣಗೆರೆಯಿಂದ ದುರ್ಗಕ್ಕೆ ಮೊದಲ ಸಲ ಕಾರ್ ಓಡಿಸೋರಿಗೆ: ವಾಪಸ್ ಬರೋ ಟೈಮ್ ಮೊದಲು ಫಿಕ್ಸ್ ಮಾಡ್ರಿ

ಪ್ರಶ್ನೆ: ನಮಸ್ಕಾರ ಸರ್. ನಾವಿರೋದು ದಾವಣಗೆರೆಯಲ್ಲಿ. ಹೋದ ವರ್ಷ ಡ್ರೈವಿಂಗ್ ಕಲಿತು ಲೈಸೆನ್ಸ್ ತಗೊಂಡೆ. ಸಿಟಿ ಒಳಗೆ ಸ್ಕೂಲಿಗೆ, ಮಾರ್ಕೆಟ್ಟಿಗೆ ದಿನಾ ಓಡಿಸ್ತೀನಿ, ಹೈವೇಗೆ ಮಾತ್ರ ಇನ್ನೂ ಕಾರ್ ಇಳಿಸಿಲ್ಲ. ಮುಂದಿನ ತಿಂಗಳು ಒಂದು ಭಾನುವಾರ ಅತ್ತೆ, ಯಜಮಾನ್ರು, ಆರು ವರ್ಷದ ಮಗಳನ್ನ ಕರ್ಕೊಂಡು ಚಿತ್ರದುರ್ಗದ ಕೋಟೆ ನೋಡಿ ಅದೇ ದಿನ ವಾಪಸ್ ಬರೋಣ ಅಂತಿದೀವಿ. ಯಜಮಾನ್ರಿಗೆ ಡ್ರೈವಿಂಗ್ ಬರಲ್ಲ, ಹೋಗ್ತಾ ಬರ್ತಾ ನಾನೇ ಓಡಿಸ್ಬೇಕು. ಅತ್ತೆಗೆ ಮಂಡಿ ನೋವು. ಎಷ್ಟೊತ್ತಿಗೆ ಹೊರಡಬೇಕು, ಎಷ್ಟು ಸ್ಪೀಡ್ ಇರಬೇಕು, ಗಾಡಿಲಿ ಏನೇನು ನೋಡ್ಕೋಬೇಕು, ನಡುವೆ ಎಲ್ಲಿ ನಿಲ್ಲಿಸ್ಬಹುದು? ಬಸ್ಸಲ್ಲೇ ಹೋಗ್ರಿ ಅಂತಾರೆ ಕೆಲವರು, ಅದೇ ವಾಸೀನಾ?

ಉತ್ತರ:

ಮೇಡಂ, ಬಸ್ಸಿನ ಮಾತು ಮೊದಲು ಮುಗಿಸಿಬಿಡ್ತೀನಿ. ದಾವಣಗೆರೆಯಿಂದ ದುರ್ಗಕ್ಕೆ ಬಸ್ಸಿಗೇನೂ ಬರ ಇಲ್ಲ, ಬೆಂಗಳೂರು ಕಡೆ ಹೋಗೋವು ಒಂದರ ಹಿಂದೆ ಒಂದು ಇರ್ತವೆ, ಒಬ್ರೇ ಹೋಗೋದಾಗಿದ್ರೆ ಬಸ್ ಹತ್ತಿಬಿಡ್ರಿ ಅಂತಾನೇ ಹೇಳ್ತಿದ್ದೆ. ರೈಲಿಗೆ ಹೋದ್ರೆ ಚಿಕ್ಕಜಾಜೂರು ಸುತ್ತಬೇಕು, ತುಮಕೂರು-ದಾವಣಗೆರೆ ಹೊಸ ಲೈನ್ ಪೂರ್ತಿ ಆಗೋ ತನಕ ಅದು ಒಂದು ದಿನದ ಓಡಾಟಕ್ಕೆ ಒದಗಲ್ಲ. ಆದ್ರೆ ಮಂಡಿ ನೋವಿರೋ ಅತ್ತೆ, ಸಣ್ಣ ಮಗು, ಬಸ್ ಸ್ಟ್ಯಾಂಡಿಂದ ಕೋಟೆಗೆ ಆಟೋ, ಕೋಟೆಯಿಂದ ಮತ್ತೆ ಆಟೋ, ಭಾನುವಾರ ಸಂಜೆ ಸೀಟಿಗೆ ನೂಕುನುಗ್ಗಲು, ಇದೆಲ್ಲ ಲೆಕ್ಕ ಹಾಕಿದ್ರೆ ಕಾರೇ ಸರಿ. ಹೈವೇ ಕಲಿಯೋಕೂ ಈ ದಾರಿ ಒಳ್ಳೇದು, ಘಾಟಿ ಇಲ್ಲ, ನಡುವೆ ಡಿವೈಡರ್ ಐತೆ, ಎದುರಿಂದ ಗಾಡಿ ಬರೋದು ಕಮ್ಮಿ, ದೂರ ಹೆಚ್ಚುಕಮ್ಮಿ 60 ಕಿಲೋಮೀಟರ್ ಅಷ್ಟೆ. ಹಿಂದೆ ಎನ್‌ಎಚ್ 4 ಅಂತಿದ್ರಲ್ಲ, ಅದೇ ಈಗ ಎನ್‌ಎಚ್ 48, ನಮ್ಮ ಪಿ.ಬಿ. ರೋಡಿನ ಪುಣೆ-ಬೆಂಗಳೂರು ದಾರಿಯೇ.

ನನ್ನ ಹತ್ರ ಡ್ರೈವಿಂಗ್ ಕಲಿತು ಹೋದೋರು ಮೊದಲ ಹೈವೇ ಟ್ರಿಪ್ಪಿಗೆ ಮುಂಚೆ ಫೋನ್ ಮಾಡಿ ಕೇಳೋ ಮೊದಲ ಪ್ರಶ್ನೆ ನಿಮ್ಮದೇ, ಎಷ್ಟೊತ್ತಿಗೆ ಹೊರಡ್ಲಿ ಅಂತ. ನಾನು ಹೇಳೋದು ಉಲ್ಟಾ. ದುರ್ಗ ಎಷ್ಟೊತ್ತಿಗೆ ಬಿಡ್ತೀನಿ ಅನ್ನೋದನ್ನ ಮೊದಲು ಗಟ್ಟಿ ಮಾಡ್ರಿ, ಹೊರಡೋ ಟೈಮ್ ತಾನಾಗೇ ಸಿಗುತ್ತೆ. ಯಾಕಂದ್ರೆ ಈ ಟ್ರಿಪ್ಪಲ್ಲಿ ಕಷ್ಟ ಇರೋದು ಹೋಗೋವಾಗ ಅಲ್ಲ, ಬರೋವಾಗ. ಹೋಗೋವಾಗ ನಿದ್ದೆ ಆಗಿರುತ್ತೆ, ಹುಮ್ಮಸ್ಸು ಇರುತ್ತೆ, ಕಣ್ಣು ಚುರುಕಾಗಿರುತ್ತೆ. ಬರೋವಾಗ ಕೋಟೆ ಹತ್ತಿಳಿದ ಕಾಲು, ಊಟ ಆಗಿರೋ ಹೊಟ್ಟೆ, ಹಿಂದಿನ ಸೀಟಲ್ಲಿ ಎಲ್ಲರೂ ನಿದ್ದೆ, ಮುಂದೆ ನೆಟ್ಟಗಿರೋ ರೋಡು. ಅದ್ರ ಮೇಲೆ ಕತ್ತಲೂ ಆಯ್ತು ಅಂದ್ರೆ ಹೊಸಬರಿಗೆ ಅದು ಬೇಡವೇ ಬೇಡ.

ಸ್ಪೀಡಿನ ಲೆಕ್ಕ ಕೈಯಾರೆ ಹಾಕಿ ನೋಡ್ರಿ. ಎರಡೂ ಊರಿನ ಒಳಗಿನ ರೋಡ್ ಬಿಟ್ರೆ ಸುಮಾರು 50 ಕಿಲೋಮೀಟರ್ ಹೈವೇ ಅಂತ ಇಟ್ಕೊಳ್ಳಿ. 80ರಲ್ಲಿ ಹೋದ್ರೆ 37-38 ನಿಮಿಷ, 100ರಲ್ಲಿ ಹೋದ್ರೆ 30 ನಿಮಿಷ. ಉಳಿಯೋದು ಏಳೆಂಟು ನಿಮಿಷ, ಅದು ಟೋಲ್ ಹತ್ರ ಒಂದು ಲಾರಿ ಅಡ್ಡ ಬಂದ್ರೆ, ಇಲ್ಲಾ ದುರ್ಗದ ಗಾಂಧಿ ಸರ್ಕಲ್ ದಾಟೋದ್ರೊಳಗೆ ಕರಗಿಹೋಗುತ್ತೆ. ಕಾನೂನಿನ ಪ್ರಕಾರ ಡಿವೈಡರ್ ಇರೋ ನಾಲ್ಕು ಪಥ ಅಥವಾ ಅದಕ್ಕಿಂತ ದೊಡ್ಡ ರೋಡಲ್ಲಿ ಕಾರಿಗೆ 100ರ ತನಕ ಬಿಟ್ಟಿದಾರೆ, ಆದ್ರೆ ಬೋರ್ಡಲ್ಲಿ ಎಷ್ಟು ಹಾಕಿರ್ತಾರೋ ಅದೇ ಕೊನೆ ಮಾತು, ಊರು ಹತ್ರ ಬಂದಾಗ, ಕೆಲಸ ನಡೆಯೋ ಕಡೆ ಕಮ್ಮಿ ಇರುತ್ತೆ. (130 ದಾಟಿಸೋ ಶೂರರಿಗೆ 2024ರ ಆಗಸ್ಟಿಂದ ನಮ್ಮ ರಾಜ್ಯದಲ್ಲಿ ಬರೀ ಫೈನ್ ಅಲ್ಲ, ಎಫ್‌ಐಆರ್. ನಿಮಗೆ ಸಂಬಂಧ ಇಲ್ಲದ ಮಾತು, ಇರಲಿ.) ನೀವು 75-80 ಇಟ್ಕೊಂಡು ಹೋಗ್ರಿ, ಹಿಂದಿನಿಂದ ಯಾರಾದ್ರೂ ಲೈಟ್ ಮಿಣುಕಿಸಿದ್ರೆ ದಾರಿ ಬಿಡ್ರಿ, ಸ್ಪೀಡ್ ಜಾಸ್ತಿ ಮಾಡೋಕೆ ಹೋಗಬೇಡ್ರಿ.

ಈಗ ಸೂರ್ಯನ ವಿಷಯ, ಇದನ್ನ ಯಾರೂ ಹೇಳಲ್ಲ, ಮ್ಯಾಪಲ್ಲೂ ತೋರಿಸಲ್ಲ. ದುರ್ಗ ನಮಗೆ ಪೂರ್ವಕ್ಕೆ, ಸ್ವಲ್ಪ ದಕ್ಷಿಣಕ್ಕೆ ವಾಲಿದೆ. ಅಂದ್ರೆ ಬೆಳಿಗ್ಗೆ ಹೋಗೋವಾಗ ಸೂರ್ಯ ಮುಖಕ್ಕೆ, ಸಂಜೆ ಬರೋವಾಗ ಮತ್ತೆ ಮುಖಕ್ಕೇ! ಚಳಿಗಾಲದಲ್ಲಿ ಬೆಳಿಗ್ಗೆ ಹುಟ್ಟೋ ಸೂರ್ಯ ಹೆಚ್ಚುಕಮ್ಮಿ ರೋಡಿನ ನೇರಕ್ಕೇ ಕೂತಿರ್ತಾನೆ, ಬೇಸಿಗೆಲಿ ಸಂಜೆ ಮುಳುಗೋ ಸೂರ್ಯ ಅದೇ ಥರ. ಗ್ಲಾಸ್ ಮೇಲೆ ಧೂಳಿನ ಪೊರೆ ಇದ್ರೆ ಬಿಸಿಲು ಬಿದ್ದ ತಕ್ಷಣ ಪೂರ್ತಿ ಬೆಳ್ಳಗಾಗುತ್ತೆ, ಮುಂದಿನ ಟ್ರ್ಯಾಕ್ಟರ್ ಕಾಣಲ್ಲ, ಬೈಕಂತೂ ಇಲ್ಲವೇ ಇಲ್ಲ. ಮೇಲಿನ ವೈಸರ್ ಇಳಿಸಿದ್ರೆ ಮುಚ್ಚೋದು ಸೂರ್ಯ ಒಂದು ಮಟ್ಟಕ್ಕೆ ಏರಿದ ಮೇಲೆ ಮಾತ್ರ, ಅಡ್ಡಡ್ಡ ಬರೋ ಬಿಸಿಲನ್ನ ಅದು ತಡೆಯಲ್ಲ. ಅದಕ್ಕೇ ಬೆಳಗಿನ ಜಾವ ಆರಕ್ಕೆ ಹೊರಡ್ತೀನಿ ಅನ್ನೋ ಉತ್ಸಾಹ ಬೇಡ. ಏಳೂವರೆಗೆ ಮನೆ ಬಿಡ್ರಿ. ಒಂಬತ್ತರ ಹೊತ್ತಿಗೆ ಕೋಟೆ ಬಾಗಿಲಲ್ಲಿ ಇರ್ತೀರಿ, ಬಂಡೆ ಕಾಯೋ ಮುಂಚೆ ಹತ್ತಬಹುದು. ಮಧ್ಯಾಹ್ನ ಹನ್ನೆರಡರೊಳಗೆ ಇಳಿದು ಊಟ ಮಾಡಿ, ಸ್ವಲ್ಪ ಅಡ್ಡಾಗಿ, ಮೂರು ಮೂರೂವರೆಗೆ ದುರ್ಗ ಬಿಟ್ರೆ ಐದರೊಳಗೆ ಮನೆ, ಸೂರ್ಯ ಇನ್ನೂ ಮೇಲೇ ಇರ್ತಾನೆ. ಇದೇ ನಿಮ್ಮ ಪ್ಲಾನು, ಉಳಿದಿದ್ದೆಲ್ಲ ಇದಕ್ಕೆ ಹೊಂದಿಸ್ಕೊಳ್ಳೋದು.

ಗಾಡಿ ಚೆಕ್ ಮಾಡೋದು ಅಂದ ತಕ್ಷಣ ಗ್ಯಾರೇಜಿಗೆ ಬಿಟ್ಟು ಸಾವಿರಾರು ರೂಪಾಯಿ ಸುರಿಯಬೇಕಿಲ್ಲ, ಸರ್ವಿಸ್ ಟೈಮಿಗೆ ಆಗಿದ್ರೆ ಸಾಕು. ಆದ್ರೆ ಟೈರಿಗೆ ಕಾಲು ಗಂಟೆ ಕೊಡ್ರಿ. ಡ್ರೈವರ್ ಡೋರ್ ತೆಗೆದ್ರೆ ಕಂಬದ ಹತ್ರ ಒಂದು ಸ್ಟಿಕ್ಕರ್ ಇರುತ್ತೆ, ಜನ ಕಮ್ಮಿ ಇದ್ದಾಗ ಎಷ್ಟು ಗಾಳಿ, ಫುಲ್ ಲೋಡ್ ಇದ್ದಾಗ ಎಷ್ಟು ಅಂತ ಬೇರೆ ಬೇರೆ ಬರೆದಿರ್ತಾರೆ. ನೀವು ನಾಲ್ಕು ಜನ ಮತ್ತೆ ಲಗೇಜು, ಅದನ್ನ ನೋಡಿ ಹಾಕಿಸ್ರಿ. ಟೈರ್ ತಣ್ಣಗಿದ್ದಾಗ ಅಂದ್ರೆ ಮನೆ ಹತ್ರದ ಬಂಕಲ್ಲಿ ಬೆಳಿಗ್ಗೆ ಹಾಕಿಸ್ಬೇಕು, ಓಡಿ ಬಿಸಿಯಾದ ಮೇಲೆ ನೋಡಿದ್ರೆ ಜಾಸ್ತಿ ತೋರಿಸುತ್ತೆ. ಗಾಳಿ ಕಮ್ಮಿ ಇರೋ ಟೈರು ಸಿಟಿಲಿ ಏನೂ ಅನ್ನಲ್ಲ, ಹೈವೇಲಿ ಅರ್ಧ ಗಂಟೆ ಒಂದೇ ಸಮ ಓಡಿದಾಗ ಸೈಡ್ ಮಡಚಿ ಮಡಚಿ ಬಿಸಿ ಏರಿ ಒಡೆಯುತ್ತೆ. ಟೈರಿನ ಪಕ್ಕದಲ್ಲಿ ಡಿಒಟಿ ಅಂತ ಬರೆದಿರೋ ಕಡೆ ಕೊನೇಲಿ ನಾಲ್ಕು ಅಂಕಿ ಇರ್ತವೆ, 2319 ಅಂತಿದ್ರೆ 2019ರ ಇಪ್ಪತ್ಮೂರನೇ ವಾರದಲ್ಲಿ ತಯಾರಾಗಿದ್ದು ಅಂತ. ನಿಮ್ಮದು ಸೆಕೆಂಡ್ ಹ್ಯಾಂಡ್ ಕಾರಾದ್ರೆ ಅದನ್ನ ನೋಡ್ಲೇಬೇಕು, ಟೈರಿನ ಮೇಲಿನ ಗೀರು ಎಷ್ಟು ಚೆನ್ನಾಗಿದ್ರೂ ವಯಸ್ಸಾದ ರಬ್ಬರ್ ನಂಬೋಹಾಗಿಲ್ಲ. ಸ್ಟೆಪ್ನಿಗೂ ಗಾಳಿ ಹಾಕಿಸ್ರಿ, ಬಹಳ ಜನ ಅದನ್ನ ಮರೆತುಬಿಟ್ಟಿರ್ತಾರೆ. ಜಾಕಿ, ಪಾನಾ, ಕೆಂಪು ತ್ರಿಕೋನ ಡಿಕ್ಕಿಲಿ ಇದಾವಾ ಅಂತ ಒಂದ್ಸಲ ಕೈ ಹಾಕಿ ನೋಡ್ರಿ.

ಉಳಿದಿದ್ದು ಬೇಗ ಹೇಳ್ತೀನಿ. ಮುಂದಿನ ಗ್ಲಾಸ್ ಒಳಗೂ ಹೊರಗೂ ಒರೆಸ್ರಿ, ವೈಪರ್ ನೀರು ತುಂಬ್ರಿ, ಕೂಲಂಟ್ ಇಂಜಿನ್ ತಣ್ಣಗಿದ್ದಾಗ ನೋಡ್ರಿ, ಬ್ರೇಕ್ ಲೈಟು ಉರಿಯುತ್ತಾ ಅಂತ ಮಗಳನ್ನ ಹಿಂದೆ ನಿಲ್ಲಿಸಿ ಕೇಳ್ರಿ. ಪೆಟ್ರೋಲು ಅರ್ಧ ಟ್ಯಾಂಕ್ ಇದ್ರೆ ಹೋಗಿ ಬಂದು ಮಿಗುತ್ತೆ. ಡಿಎಲ್, ಆರ್‌ಸಿ, ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಡಿಜಿಲಾಕರಲ್ಲೋ ಎಂಪರಿವಾಹನಲ್ಲೋ ಇದ್ರೆ ಸಾಕು. ಹಿಂದಿನ ಸೀಟಿನವರೂ ಬೆಲ್ಟ್ ಹಾಕ್ಲೇಬೇಕು, ಅತ್ತೆಗೆ ಮುಂಚೆನೇ ಹೇಳಿ ಇಟ್ಟಿರ್ರಿ, ಹೊರಡೋ ಹೊತ್ತಲ್ಲಿ ಹೇಳಿದ್ರೆ "ನಂಗ್ಯಾಕವ್ವಾ ಅದೆಲ್ಲ" ಅಂತಾರೆ. ಮಗಳ ವಿಷಯದಲ್ಲಿ ಸ್ವಲ್ಪ ಹುಷಾರು, ಆರು ವರ್ಷದ ಮಗುಗೆ ದೊಡ್ಡವರ ಬೆಲ್ಟ್ ಹಾಕಿದ್ರೆ ಅದು ಭುಜದ ಮೇಲೆ ಬರೋ ಬದಲು ಕುತ್ತಿಗೆಗೆ ಒತ್ತುತ್ತೆ, ಬೂಸ್ಟರ್ ಸೀಟ್ ಅಂತ ಸಿಗುತ್ತೆ, ಅದು ಮಗುನ ಮೇಲೆ ಎತ್ತಿ ಕೂರಿಸುತ್ತೆ, ಬೆಲ್ಟು ಸರಿಯಾದ ಜಾಗಕ್ಕೆ ಬರುತ್ತೆ. ಅಜ್ಜಿ ತೊಡೆ ಮೇಲೆ ಕೂರಿಸೋದು ಮಾತ್ರ ಖಂಡಿತ ಬೇಡ.

ಬೆಳಿಗ್ಗೆ ತಿಂಡಿ? ನಮ್ಮೂರಲ್ಲಿದ್ದು ಭಾನುವಾರ ಬೆಣ್ಣೆ ದೋಸೆ ತಿನ್ನದೆ ಹೊರಡ್ರಿ ಅಂತ ಹೇಳೋ ಧೈರ್ಯ ನಂಗಿಲ್ಲ, ಆದ್ರೆ ಓಡಿಸೋರು ಒಂದೇ ದೋಸೆಗೆ ಸಾಕು ಮಾಡ್ಬೇಕು. ಯಜಮಾನ್ರು ಮೂರು ತಿನ್ನಲಿ ಬಿಡ್ರಿ.

ಪಿ.ಬಿ. ರೋಡಲ್ಲಿ ಆವರಗೆರೆ ಕಡೆ ಹೋಗಿ ಹೈವೇ ಹಿಡಿಯೋವಾಗ ಹೊಸಬರು ಮಾಡೋದು ಎರಡೇ, ಒಂದು 30ರಲ್ಲೇ ತೆವಳ್ತಾ ಒಳಗೆ ನುಗ್ಗೋದು, ಇಲ್ಲಾ ಹೆದರಿ ರಸ್ತೆ ತುದಿಲಿ ಪೂರ್ತಿ ನಿಂತುಬಿಡೋದು. ಎರಡೂ ತಪ್ಪು. ಸರ್ವಿಸ್ ರೋಡಿಂದ ಸೇರೋ ಜಾಗದಲ್ಲಿ ಇಂಡಿಕೇಟರ್ ಹಾಕಿ, ಬಲಗಡೆ ಮಿರರ್ ನೋಡಿ, ಮಿರರಿಗೆ ಕಾಣದ ಮೂಲೆಗೆ ಒಂದ್ಸಲ ಕತ್ತು ತಿರುಗಿಸಿ ನೋಡಿ, ಮೂರನೇ ಗೇರಲ್ಲಿ ಚೆನ್ನಾಗಿ ಎಳೆದು ಹೈವೇ ಗಾಡಿಗಳ ಸ್ಪೀಡಿಗೆ ಹತ್ರ ಬಂದ ಮೇಲೆ ಎಡ ಪಥಕ್ಕೆ ಸೇರ್ಕೊಳ್ರಿ. ಗ್ಯಾಪ್ ಇಲ್ಲಾಂದ್ರೆ ಮೊದಲೇ ಸ್ಪೀಡ್ ಕಮ್ಮಿ ಮಾಡಿ ಕಾಯ್ರಿ, ಕೊನೇ ಗಳಿಗೆಲಿ ಬ್ರೇಕ್ ಹೊಡೀಬೇಡ್ರಿ.

ಸೇರಿದ ಮೇಲೆ ಯಾವ ಪಥ? ಈ ದಾರಿನ ಆರು ಪಥ ಮಾಡಿದಾರೆ, ಒಂದೊಂದು ಕಡೆಗೆ ಮೂರು. ಎಡ ತುದಿದು ನಿಧಾನದ ಲಾರಿ, ಟ್ರ್ಯಾಕ್ಟರ್, ಸರ್ವಿಸ್ ರೋಡಿಂದ ಒಳಗೆ ಬರೋರು, ಹೊರಗೆ ಹೋಗೋರು, ಪಂಕ್ಚರಾಗಿ ನಿಂತೋರು ಇವರದ್ದೆಲ್ಲ. ಬಲ ತುದಿದು ಓವರ್‌ಟೇಕ್ ಮಾಡೋಕೆ ಮಾತ್ರ, ಅಲ್ಲೇ ಮನೆ ಮಾಡ್ಕೊಂಡು ಕೂರೋ ಲಾರಿಗಳೂ ಇರ್ತವೆ, ನಿಮ್ಮ ಕರ್ಮ. ನೀವು ನಡುವಿನ ಪಥದಲ್ಲಿ ಒಂದೇ ಸ್ಪೀಡಲ್ಲಿ ಹೋಗ್ರಿ. ಮುಂದಿನ ಗಾಡಿ ಯಾವುದೋ ಒಂದು ಕಂಬ ದಾಟಿದಾಗ "ಸಾವಿರದ ಒಂದು, ಸಾವಿರದ ಎರಡು, ಸಾವಿರದ ಮೂರು" ಅಂತ ಎಣಿಸ್ರಿ, ಮುಗಿಯೋ ಮುಂಚೆ ನೀವೂ ಆ ಕಂಬ ದಾಟಿದ್ರೆ ತೀರಾ ಹತ್ರ ಇದೀರಿ ಅಂತ ಅರ್ಥ. ಮಳೆ ಇದ್ರೆ ಐದರ ತನಕ ಎಣಿಸ್ರಿ.

ಲಾರಿ ಬಗ್ಗೆ ಒಂದು ಮಾತು ಜಾಸ್ತಿ ಹೇಳ್ಬೇಕು. ಹಳೇ ಕಾಲದ ಸಿಂಗಲ್ ರೋಡಲ್ಲಿ ಲಾರಿಯವರು ಇಂಡಿಕೇಟರ್ ಹಾಕಿ "ಮುಂದೆ ಖಾಲಿ ಐತೆ, ಹೋಗು" ಅಂತ ಸನ್ನೆ ಮಾಡ್ತಿದ್ರು, ಆ ಅಭ್ಯಾಸ ಕೆಲವರಿಗೆ ಇನ್ನೂ ಹೋಗಿಲ್ಲ. ಈ ರೋಡಲ್ಲಿ ನೀವು ಬಲ ಇಂಡಿಕೇಟರ್ ಕಂಡ್ರೆ ಅವನು ಬಲಕ್ಕೇ ಬರ್ತಾನೆ ಅಂತ್ಲೇ ತಿಳ್ಕೊಳ್ರಿ. ಎರಡು ಲಾರಿ ಒಂದನ್ನೊಂದು ದಾಟ್ತಾ ಕಿಲೋಮೀಟರ್‌ಗಟ್ಟಲೆ ಪಕ್ಕಪಕ್ಕ ಹೋಗೋದು ನೋಡ್ತೀರಿ, ಹಾರ್ನ್ ಬಾರಿಸಿ ಪ್ರಯೋಜನ ಇಲ್ಲ, ಹಿಂದೆ ದೂರ ಉಳೀರಿ. ಲಾರಿಯ ಸೈಡ್ ಮಿರರಲ್ಲಿ ಡ್ರೈವರ್ ಮುಖ ನಿಮಗೆ ಕಾಣ್ತಿಲ್ಲ ಅಂದ್ರೆ ಅವನಿಗೆ ನಿಮ್ಮ ಕಾರೂ ಕಾಣ್ತಿಲ್ಲ. ಓವರ್‌ಟೇಕ್ ಶುರು ಮಾಡಿದ್ರೆ ಪಕ್ಕದಲ್ಲಿ ತೂಗಾಡ್ತಾ ಇರಬೇಡ್ರಿ, ಒಂದೇ ಏಟಿಗೆ ದಾಟಿ, ಅದು ಪೂರ್ತಿ ನಿಮ್ಮ ಒಳಗಿನ ಕನ್ನಡೀಲಿ ಕಂಡ ಮೇಲೆ ಎಡಕ್ಕೆ ಬನ್ನಿ. ಇನ್ನು ನಮ್ಮ ಕಡೆ ಮೆಕ್ಕೆಜೋಳದ ಕಾಲ, ದೀಪಾವಳಿ ಹಿಂದೆಮುಂದೆ, ಆಗ ಸರ್ವಿಸ್ ರೋಡ್ ತುಂಬ ಜೋಳ ಒಣಗಿಸಿರ್ತಾರೆ, ಬೈಕು ಟ್ರ್ಯಾಕ್ಟರ್ ಎಲ್ಲ ಹೈವೇ ಮೇಲೇ ಬರ್ತವೆ, ಕೆಲವರು ರಾಂಗ್ ಸೈಡಲ್ಲಿ ಎಡ ಅಂಚು ಹಿಡಿದು ನಿಮ್ಮ ಎದುರಿಗೇ ಬರ್ತಾರೆ. ಎಡ ತುದಿ ಪಥ ಬೇಡ ಅಂದಿದ್ದಕ್ಕೆ ಇದೂ ಒಂದು ಕಾರಣ. ಕುರಿ ಹಿಂಡು ಕಂಡ್ರೆ ಮುಂದಿನ ಕುರಿ ದಾಟಿತು ಅಂತ ನುಗ್ಗಬೇಡ್ರಿ, ಹಿಂದಿನವು ಎಲ್ಲಾ ಅದರ ಹಿಂದೆನೇ ಓಡಿ ಬರ್ತವೆ.

ಆನಗೋಡು ದಾಟಿದ ಮೇಲೆ ಹೆಬ್ಬಾಳು ಟೋಲ್ ಬರುತ್ತೆ. ಫಾಸ್ಟ್ಯಾಗ್ ಹಿಂದಿನ ರಾತ್ರಿನೇ ರೀಚಾರ್ಜ್ ಮಾಡಿ ಇಡ್ರಿ, ಕ್ಯೂನಲ್ಲಿ ನಿಂತು ಫೋನ್ ಒತ್ತೋದು ಬೇಡ. ಟ್ಯಾಗ್ ಇಲ್ಲ ಅಂದ್ರೆ ಜಾಸ್ತಿ ಬೀಳುತ್ತೆ, 2025ರ ನವೆಂಬರ್ 15ರ ನಿಯಮದಲ್ಲಿ ಕ್ಯಾಷಿಗೆ ಡಬಲ್, ಯುಪಿಐನಲ್ಲಿ ಕಟ್ಟಿದ್ರೆ ಒಂದೂಕಾಲು ಪಟ್ಟು ಇತ್ತು. 24 ಗಂಟೆಯೊಳಗೆ ವಾಪಸ್ ಬಂದ್ರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಅಷ್ಟೇ ಬೀಳೋದು, ನೀವು ಏನೂ ಕೇಳೋದು ಬೇಕಿಲ್ಲ, ವಾಪಸ್ ಬರೋವಾಗ ಅದೇ ಕಮ್ಮಿ ಹಿಡಿಯುತ್ತೆ, ಮನೆಗೆ ಬಂದು ಮೆಸೇಜ್ ಮಾತ್ರ ನೋಡ್ಕೊಳ್ರಿ. ವರ್ಷದ ಪಾಸ್ ಅಂತ 2025ರ ಆಗಸ್ಟ್ 15ರಿಂದ ತಂದ್ರಲ್ಲ, ಆಗ 3000 ರೂಪಾಯಿಗೆ 200 ಟ್ರಿಪ್ ಅಂತ, ಅದು ವಾರವಾರ ಓಡಾಡೋರಿಗೆ ಲಾಭ, ನಿಮಗೆ ಈಗಲೇ ಬೇಡ. ಟೋಲಲ್ಲಿ ಹೊಸಬರಿಗೆ ಗಡಿಬಿಡಿ ಆಗೋದು ಪಥ ಆರಿಸೋವಾಗ. ದೂರದಿಂದಲೇ ಒಂದು ಲೇನ್ ನೋಡಿ ಹಿಡೀರಿ, ಪಕ್ಕದ್ದು ಬೇಗ ಹೋಗ್ತಿದೆ ಅಂತ ಕೊನೇಲಿ ಬದಲಾಯಿಸಬೇಡ್ರಿ, ಮುಂದಿನ ಗಾಡಿ ಹಿಂದಕ್ಕೆ ಬರೋಕೆ ಜಾಗ ಬಿಟ್ಟು ನಿಲ್ರಿ. ಗೇಟ್ ದಾಟಿದ ಮೇಲೆ ಎಲ್ಲರೂ ರೇಸಿಗೆ ಬಿಟ್ಟ ಹೋರಿ ಥರ ಒಟ್ಟಿಗೆ ನುಗ್ತಾರೆ, ನೀವು ಹತ್ತು ಸೆಕೆಂಡ್ ತಡವಾಗಿ ನಡುವಿನ ಪಥಕ್ಕೆ ಬನ್ನಿ.

ಎಲ್ಲಿ ನಿಲ್ಲಿಸೋದು ಅಂತ ಕೇಳಿದ್ರಿ. ಹೋಗೋವಾಗ ನಿಲ್ಲೋ ಅಗತ್ಯನೇ ಇಲ್ಲ, ಮಗು ಕೇಳಿದ್ರೆ ಭರಮಸಾಗರದ ಹತ್ರ, ಅದು ಹೆಚ್ಚುಕಮ್ಮಿ ಅರ್ಧ ದಾರಿ, ಯಾವುದಾದ್ರೂ ಪೆಟ್ರೋಲ್ ಬಂಕಿಗೋ ಹೋಟೆಲಿಗೋ ಪೂರ್ತಿ ಒಳಗೆ ಹೋಗಿ ನಿಲ್ಲಿಸ್ರಿ. ಹೈವೇ ಅಂಚಲ್ಲಿ, ಬಿಳಿ ಗೆರೆ ಆಚೆ ಜಾಗ ಇದೆ ಅಂತ ನಿಲ್ಲಿಸೋದು, ಮರದ ನೆರಳು ಕಂಡ್ರೆ ನಿಲ್ಲಿಸೋದು, ಫೋಟೋಗೆ ನಿಲ್ಲಿಸೋದು ಬೇಡ. ನಿದ್ದೆಗಣ್ಣಿನ ಲಾರಿ ಡ್ರೈವರಿಗೆ ಅಂಚಲ್ಲಿ ನಿಂತ ಕಾರು ಓಡ್ತಿರೋ ಕಾರಿನ ಹಾಗೇ ಕಾಣುತ್ತೆ, ಹತ್ರ ಬಂದ ಮೇಲೇನೇ ಅವನಿಗೆ ಗೊತ್ತಾಗೋದು.

ಒಂದು ವೇಳೆ ಪಂಕ್ಚರ್ ಆಯ್ತು, ಗಾಡಿ ನಿಂತುಹೋಯ್ತು ಅಂದ್ರೆ? ಉರುಳೋ ಶಕ್ತಿ ಇರೋ ತನಕ ಎಡಕ್ಕೆ ತಗೊಳ್ರಿ, ಸಾಧ್ಯ ಆದ್ರೆ ಸರ್ವಿಸ್ ರೋಡಿಗೇ ಇಳಿಸೋಕೆ ನೋಡ್ರಿ, ರಿಮ್ ಹಾಳಾದ್ರೆ ಆಗಲಿ. ನಾಲ್ಕೂ ಇಂಡಿಕೇಟರ್ ಹಾಕಿ ಎಲ್ಲರನ್ನೂ ಎಡಗಡೆ ಬಾಗಿಲಿಂದ ಇಳಿಸಿ ತಡೆಗೋಡೆ ಆಚೆ ಕಳಿಸ್ರಿ, ಕಾರೊಳಗೆ ಕೂರಿಸಬೇಡ್ರಿ. ಅತ್ತೆಯವರನ್ನ ಮೊದಲಿಂದಲೇ ಹಿಂದಿನ ಎಡ ಸೀಟಲ್ಲಿ ಕೂರಿಸಿದ್ರೆ ಇದಕ್ಕೂ ಅನುಕೂಲ. ಆಮೇಲೆ ತ್ರಿಕೋನ ಹಿಡ್ಕೊಂಡು ಕನಿಷ್ಠ 50 ಮೀಟರ್ ಹಿಂದೆ ಹೋಗಿ ಇಡಬೇಕು, ಅಂಚಿನ ಆಚೆ ನಡ್ಕೊಂಡು. 1033ಕ್ಕೆ ಫೋನ್ ಮಾಡ್ರಿ, ಅದು ಹೈವೇ ಹೆಲ್ಪ್‌ಲೈನ್, ರಸ್ತೆ ಪಕ್ಕದ ಕಿಲೋಮೀಟರ್ ಕಲ್ಲಿನ ನಂಬರ್ ಹೇಳಿದ್ರೆ ಜಾಗ ಬೇಗ ಸಿಗುತ್ತೆ. ಯಾರಿಗಾದ್ರೂ ಪೆಟ್ಟಾಗಿದ್ರೆ 108, ಪೊಲೀಸ್ 112. ಟೈರ್ ಬದಲಾಯಿಸೋದು ಹೈವೇ ಅಂಚಲ್ಲಿ ಬಲಗಡೆ ಟೈರಾದ್ರೆ ನೀವು ಕೈ ಹಾಕಬೇಡ್ರಿ, ಸಹಾಯ ಬರೋ ತನಕ ಕಾಯ್ರಿ.

ದುರ್ಗ ಹತ್ರ ಬಂದಂಗೆ ಗುಡ್ಡದ ಮೇಲೆ ಗಾಳಿಯಂತ್ರ ಕಾಣ್ತವೆ. ಅವನ್ನ ಸುಮ್ನೆ ಅಲ್ಲಿ ನಿಲ್ಲಿಸಿಲ್ಲ. ಜೂನಿಂದ ಆಗಸ್ಟ್ ತನಕ, ಆಷಾಢದಲ್ಲಂತೂ, ಪಶ್ಚಿಮದ ಗಾಳಿ ಬಲವಾಗಿ ಬೀಸುತ್ತೆ, ಲಾರಿ ಮರೆಯಿಂದ ಹೊರಗೆ ಬಂದ ತಕ್ಷಣ, ಇಲ್ಲಾ ಮೇಲ್ಸೇತುವೆ ಹತ್ತಿದ ತಕ್ಷಣ ಕಾರನ್ನ ಪಕ್ಕಕ್ಕೆ ತಳ್ಳಿದಂಗೆ ಆಗುತ್ತೆ. ಹೆದರಿ ಸ್ಟೇರಿಂಗ್ ಜೋರಾಗಿ ತಿರುಗಿಸಬೇಡ್ರಿ, ಎರಡೂ ಕೈಲಿ ಗಟ್ಟಿ ಹಿಡಿದು ಸ್ವಲ್ಪ ಸ್ಪೀಡ್ ಇಳಿಸಿದ್ರೆ ತಾನೇ ಸರಿಯಾಗುತ್ತೆ. ಪಕ್ಕದಲ್ಲಿ ಬೈಕ್ ಇದ್ರೆ ಅವನಿಗೆ ಜಾಸ್ತಿ ಜಾಗ ಬಿಡ್ರಿ, ಅವನು ಗಾಳಿಗೆ ಒಂದು ಮಾರು ಸರಿದ್ರೂ ಸರಿದ.

ಊರೊಳಗೆ ಹೋಗೋ ದಾರಿ ತಪ್ಪೋದು ಬೈಪಾಸ್ ಕವಲೊಡೆಯೋ ಜಾಗದಲ್ಲಿ. ಸಿರಿಗೆರೆ ಕ್ರಾಸ್ ದಾಟಿದ ಮೇಲೆ ಯಜಮಾನ್ರಿಗೆ ಬೋರ್ಡ್ ಓದೋ ಕೆಲಸ ಕೊಡ್ರಿ, ಚಿತ್ರದುರ್ಗ ನಗರ ಅಂತ ಬೋರ್ಡ್ ಕಂಡ ಕೂಡಲೇ ಎಡ ಪಥಕ್ಕೆ ಬಂದುಬಿಡ್ರಿ. ಸಿಟಿಗೆ ಹೋಗೋ ಹಳೇ ರೋಡಲ್ಲಿ ಮುರುಘಾ ಮಠ ಸಿಗುತ್ತೆ, ಅದು ಕಂಡ್ರೆ ಸರಿಯಾದ ದಾರೀಲಿ ಇದೀರಿ ಅಂತ. ತಪ್ಪಿ ಬೈಪಾಸಲ್ಲೇ ಮುಂದೆ ಹೋಗಿಬಿಟ್ರಾ, ಹೋಗ್ರಿ, ಹಿರಿಯೂರು ಕಡೆ ಮುಂದಿನ ಇಳಿಯೋ ಜಾಗ ಬಂದಾಗ ಇಳಿದು ವಾಪಸ್ ಬನ್ನಿ. ಸ್ವಲ್ಪ ದೂರ ಸುತ್ತು ಅಷ್ಟೆ, ಹೈವೇಲಿ ರಿವರ್ಸ್ ಮಾತ್ರ ಸಾಯೋವರೆಗೂ ಹೊಡೀಬೇಡ್ರಿ.

ಕೋಟೆ ಹತ್ರದ ರಸ್ತೆಗಳು ಇಕ್ಕಟ್ಟು, ಪೇಟೆ ಬೀದಿ, ಆದ್ರೆ ಸಿಟಿಲಿ ದಿನಾ ಓಡಿಸೋ ನಿಮಗೆ ಅದೇ ಸುಲಭ ಅನ್ಸುತ್ತೆ. ಭಾನುವಾರ ಹನ್ನೊಂದರ ಮೇಲೆ ಟೂರಿಸ್ಟ್ ಬಸ್ಸು ಬಂದು ತುಂಬ್ಕೊಳ್ತವೆ, ಒಂಬತ್ತಕ್ಕೇ ಹೋಗಿ ಅನ್ನೋಕೆ ಅದೂ ಒಂದು ಕಾರಣ. ಕಾರನ್ನ ಮುಖ ಹೊರಗೆ ಮಾಡಿ ನಿಲ್ಲಿಸ್ರಿ, ಮಧ್ಯಾಹ್ನ ಸುಸ್ತಾದಾಗ ಆ ಗದ್ದಲದಲ್ಲಿ ರಿವರ್ಸ್ ತೆಗೆಯೋದು ತಪ್ಪುತ್ತೆ. ಕೈಲಿ ತಿಂಡಿ ಪೊಟ್ಟಣ ಬೇಡ, ಕೋತಿಗಳು ಕಿತ್ಕೊಳ್ತವೆ.

ಅತ್ತೆಯವರ ಮಂಡಿ ವಿಷಯ ನೇರವಾಗಿ ಹೇಳ್ಬಿಡ್ತೀನಿ. ಏಳು ಸುತ್ತಿನ ಕೋಟೆ ಅಂದ್ರೆ ಮೆಟ್ಟಿಲು, ಏರು, ನುಣುಪಾದ ಬಂಡೆ. ಬಾಗಿಲಿಂದ ಒಳಗೆ ಸ್ವಲ್ಪ ದೂರ, ಕಲ್ಲು ಹಾಸಿನ ಮೇಲೆ ನಿಧಾನಕ್ಕೆ ಕೈ ಹಿಡಿದು ಹೋಗಬಹುದು, ಎಣ್ಣೆ ಕೊಳದ ಹತ್ರದವರೆಗೂ ನೋಡಿ ನೆರಳಲ್ಲಿ ಕೂತ್ಕೊಳ್ಳಬಹುದು. ಮೇಲೆ ಏಕನಾಥೇಶ್ವರಿ, ಹಿಡಿಂಬೇಶ್ವರ ಗುಡಿ ಕಡೆ ಹತ್ತೋದು, ಆ ಕಡೆ ಓಬವ್ವನ ಕಿಂಡಿ ತನಕ ಹೋಗಿ ಬರೋದು ಅವರಿಗೆ ಬೇಡ, ಹತ್ತೋದಕ್ಕಿಂತ ಇಳಿಯೋವಾಗ ಮಂಡಿಗೆ ಏಟು ಜಾಸ್ತಿ. ಅವರ ಜೊತೆ ಯಜಮಾನ್ರು ಕೂರಲಿ, ನೀವು ಮಗಳನ್ನ ಕರ್ಕೊಂಡು ಹೋಗಿ ಕಿಂಡಿ ತೋರಿಸಿ ಬನ್ನಿ ಅನ್ನೋಣ ಅಂದ್ರೆ, ಇಲ್ಲೂ ನಾನು ಉಲ್ಟಾನೇ ಹೇಳೋದು. ಮಗಳ ಜೊತೆ ಪೂರ್ತಿ ಹತ್ತೋದು ಯಜಮಾನ್ರು, ಅತ್ತೆ ಜೊತೆ ಕೂರೋದು ನೀವು! ಸಂಜೆ ಓಡಿಸೋ ಕಾಲು ನಿಮ್ಮದು. ಕೋಟೆ ಪೂರ್ತಿ ಹತ್ತಿಳಿದು ಬಂದು ಸೀಟಲ್ಲಿ ಕೂತ್ರೆ ಕ್ಲಚ್ ಮೇಲೆ ಎಡಗಾಲು ಸಣ್ಣಗೆ ನಡುಗುತ್ತೆ, ಅರ್ಧ ಕ್ಲಚ್ಚಲ್ಲಿ ಹಿಡಿಯೋಕಾಗದೆ ಗಾಡಿ ಆಫ್ ಆಗುತ್ತೆ, ಬ್ರೇಕ್ ಒತ್ತೋ ಕಾಲೂ ಅಷ್ಟೇ ಮಂದ. ನಿಮಗೆ ಕಿಂಡಿ ನೋಡ್ಲೇಬೇಕು ಅಂತಿದ್ರೆ ಅದೊಂದು ನೋಡಿ ಬನ್ನಿ, ತುದಿ ತನಕ ಇನ್ನೊಂದ್ಸಲ ಬಂದಾಗ ಹತ್ತಬಹುದು.

ಮಧ್ಯಾಹ್ನ ಅತ್ತೆ, ಮಗು ಇಬ್ಬರಿಗೂ ಆಗೋ ಜಾಗ ಬೇಕು ಅಂದ್ರೆ ಆಡುಮಲ್ಲೇಶ್ವರದ ಕಿರು ಮೃಗಾಲಯ ಐತೆ, ಇಲ್ಲಾ ಚಂದ್ರವಳ್ಳಿ ಕೆರೆ ಐತೆ. ಎರಡೂ ಒಂದೇ ದಿನ ಬೇಡ. ಚಂದ್ರವಳ್ಳಿಲಿ ಮಯೂರಶರ್ಮನ ಶಾಸನ ನೋಡಿ, ಕೆರೆ ನೋಡಿ ಬರಬಹುದು, ಗುಹೆ ಒಳಗೆ ಕತ್ತಲು, ಬಗ್ಗಿ ಇಳೀಬೇಕು, ಅತ್ತೆಗಾಗಲ್ಲ. ನಾನಾದ್ರೆ ಅವತ್ತು ಕೋಟೆ ಒಂದನ್ನೇ ಇಟ್ಕೊಂಡು, ಊಟ ಆದ ಮೇಲೆ ನೆರಳಲ್ಲಿ ಸೀಟ್ ಹಿಂದಕ್ಕೆ ವಾಲಿಸಿ ಇಪ್ಪತ್ತು ನಿಮಿಷ ನಿಮ್ಮನ್ನ ಮಲಗೋಕೆ ಬಿಡ್ರಿ ಅಂತ ಉಳಿದವರಿಗೆ ಹೇಳ್ತೀನಿ. ಎದ್ದು ಮುಖ ತೊಳೆದು ಒಂದು ಕಾಫಿ ಕುಡಿದು ಹೊರಡ್ರಿ. ದಾರೀಲಿ ಆಕಳಿಕೆ ಮೇಲೆ ಆಕಳಿಕೆ ಬಂತು, ಕಳೆದ ಎರಡು ಕಿಲೋಮೀಟರ್ ಹೆಂಗೆ ಬಂದೆ ಅಂತ ನೆನಪಿಲ್ಲ ಅಂದ್ರೆ ಕಿಟಕಿ ಇಳಿಸಿ ಹಾಡು ಹಾಕಿ ತಳ್ಳಬೇಡ್ರಿ, ಮುಂದಿನ ಬಂಕಿಗೆ ಹೋಗಿ ನಿಲ್ಲಿಸ್ರಿ.

ಏನೋ ಆಗಿ ದುರ್ಗದಲ್ಲೇ ಐದೂವರೆ ಆಯ್ತು ಅಂತ ಇಟ್ಕೊಳ್ಳಿ. ಆಗ ಮುಳುಗೋ ಸೂರ್ಯನ ಎದುರಿಗೆ ಹೊರಡೋದಕ್ಕಿಂತ ಸೂರ್ಯ ಮುಳುಗೋ ತನಕ ಅಲ್ಲೇ ಕಾಫಿ ಕುಡಿದು ಹೊರಡೋದು ವಾಸಿ, ಆದ್ರೆ ಕತ್ತಲಲ್ಲಿ ಸ್ಪೀಡ್ 60 ದಾಟಬಾರದು. ಯಾಕೆ ಅಂದ್ರೆ, 80ರಲ್ಲಿ ಹೋಗೋ ಕಾರು ಸೆಕೆಂಡಿಗೆ 22 ಮೀಟರ್ ಓಡುತ್ತೆ, ನೀವು ನೋಡಿ ಬ್ರೇಕ್ ಒತ್ತಿ ಗಾಡಿ ನಿಲ್ಲೋದ್ರೊಳಗೆ 60 ಮೀಟರ್ ದಾಟಿಬಿಡುತ್ತೆ. ಡಿಮ್ ಲೈಟಲ್ಲಿ ಸರಿಯಾಗಿ ಕಾಣೋದು ಅಷ್ಟು ದೂರನೂ ಇಲ್ಲ. ರಿಫ್ಲೆಕ್ಟರ್ ಇಲ್ಲದ ಟ್ರೈಲರ್, ಹಿಂದೆ ಲೈಟೇ ಇಲ್ಲದೆ ಎಡ ಪಥದಲ್ಲಿ ನಿಂತಿರೋ ಲಾರಿ, ರಾತ್ರಿ ಹೊತ್ತು ಹೈವೇಲಿ ಹೆದರಬೇಕಾಗಿದ್ದು ಇದಕ್ಕೇನೆ.

ಪಕ್ಕದಲ್ಲಿ ಕೂರೋ ಯಜಮಾನ್ರಿಗೂ ಎರಡು ಮಾತು. ಮ್ಯಾಪು, ಫೋನು, ಟೋಲು, ಮಗುಗೆ ನೀರು, ಎಸಿ ಎಲ್ಲಾ ನಿಮ್ಮ ಕೆಲಸ ಸರ್. "ಬ್ರೇಕ್, ಬ್ರೇಕ್" ಅಂತ ಕೂಗೋದು, ಸೀಟಿಗೆ ಆತ್ಕೊಂಡು ಉಸಿರು ಎಳ್ಕೊಳ್ಳೋದು ನಿಮ್ಮ ಕೆಲಸ ಅಲ್ಲ. ಏನಾದ್ರೂ ಕಂಡ್ರೆ ಕಂಡಿದ್ದನ್ನ ಹೇಳ್ರಿ, "ಎಡಗಡೆ ಬೈಕ್ ಬರ್ತಿದೆ" ಅಂತ, ಏನು ಮಾಡ್ಬೇಕು ಅನ್ನೋದು ಓಡಿಸೋರಿಗೆ ಬಿಡ್ರಿ.

ಕೊನೇದಾಗಿ, ಆ ಭಾನುವಾರನೇ ಹೈವೇಗೆ ಮೊದಲ ಸಲ ಇಳೀಬೇಡ್ರಿ. ಅದಕ್ಕೆ ಒಂದು ವಾರ ಮುಂಚೆ, ಬೆಳಕಿರೋ ಹೊತ್ತಲ್ಲಿ, ಯಜಮಾನ್ರು ಮಗಳನ್ನ ಕರ್ಕೊಂಡು ಆನಗೋಡಿನ ಕಿರು ಮೃಗಾಲಯದ ತನಕ ಹೋಗಿ ಬನ್ನಿ, ಟೋಲ್‌ಗಿಂತ ಮುಂಚೆನೇ ಸಿಗುತ್ತೆ, ಮಗೂಗೂ ಖುಷಿ. ಅಷ್ಟರಲ್ಲೇ ಹೈವೇ ಸೇರೋದು, ಪಥ ಬದಲಾಯಿಸೋದು, ಲಾರಿ ದಾಟೋದು, ಸರ್ವಿಸ್ ರೋಡಿಗೆ ಇಳಿಯೋದು ಎಲ್ಲಾ ಒಂದೊಂದು ಸಲ ಆಗಿಹೋಗಿರುತ್ತೆ. ವಾಪಸ್ ತಿರುಗೋಕೆ ಅಂಡರ್‌ಪಾಸ್ ಹುಡುಕ್ರಿ, ಡಿವೈಡರ್ ಒಡೆದು ದಾರಿ ಮಾಡ್ಕೊಂಡಿರೋ ಕಡೆ ಬೈಕಿನವರು ನುಗ್ತಿದಾರೆ ಅಂತ ನೀವೂ ಮೂತಿ ತೂರಿಸಬೇಡ್ರಿ.